ಅಪ್ಪ-ಅಮ್ಮನ ಜೊತೆ ಬ್ಯಾಂಕಾಕ್: ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ: ನಾನು ದಾವಣಗೆರೆಯವಳು. ಅಪ್ಪನಿಗೆ 69, ಅಮ್ಮನಿಗೆ 64. ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ. ಜನವರಿಯಲ್ಲಿ ಅವರನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗುವ ಆಸೆ. ಓಡಾಡಲು ಪೂರ್ತಿ ಮೂರು ದಿನ ಸಿಗುತ್ತದೆ. ಅಮ್ಮನಿಗೆ ಮಂಡಿ ನೋವು, ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಪ್ಪನಿಗೆ ಬಿ.ಪಿ. ಇದೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಮೂರು ದೇವಸ್ಥಾನ, ಹೊರಗಿನಿಂದ ಅರಮನೆ, ಜೆಮ್ಸ್ ಗ್ಯಾಲರಿ, ರಾತ್ರಿ ಕ್ರೂಸ್ ಊಟ ಇದೆ. ಮಾರನೇ ದಿನ ತೇಲುವ ಮಾರುಕಟ್ಟೆ, ಅದರ ಮುಂದಿನ ದಿನ ಸಫಾರಿ. ದರ ಬೇರೆಲ್ಲರಿಗಿಂತ ಕಮ್ಮಿ. ಆದರೆ ಪಕ್ಕದ ಮನೆಯವರು ಅಲ್ಲಿಗೆ ಹೋದಾಗ ಯಾರೋ ‘ಅರಮನೆ ಇವತ್ತು ಮುಚ್ಚಿದೆ’ ಅಂತ ಹೇಳಿ, ಆಟೋದಲ್ಲಿ ಸುತ್ತಿಸಿ, ಕೊನೆಗೆ ನೀಲದ ಕಲ್ಲು ಮಾರಿದರಂತೆ. ಇಲ್ಲಿ ತೋರಿಸಿದರೆ ಅದಕ್ಕೆ ಕಾಲು ಭಾಗದ ಬೆಲೆಯೂ ಇಲ್ಲ. ಇನ್ನು ನೆಂಟರಿಗೆ ಹೇಳಿದರೆ ‘ಬ್ಯಾಂಕಾಕ್‌ಗಾ? ಅಪ್ಪ-ಅಮ್ಮನ ಜೊತೆಗಾ?’ ಅಂತ ನಗುತ್ತಾರೆ. ಹೋಗಬಹುದಾ? ಏನು ನೋಡಬೇಕು, ಏನು ಬಿಡಬೇಕು? ಏಜೆಂಟ್‌ಗೆ ಏನು ಹೇಳಲಿ?

ಉತ್ತರ: ಧಾರಾಳವಾಗಿ ಹೋಗಬಹುದು. ಮೊದಲು ನೆಂಟರ ನಗುವಿನ ವಿಷಯ ಮುಗಿಸಿಬಿಡೋಣ. ಕರ್ನಾಟಕದಿಂದ ಗುಂಪು ಕರೆದುಕೊಂಡು ಹೋಗುವ ಕೆಲಸ ನನ್ನದು, ಈ ಪ್ರಶ್ನೆಯನ್ನು ಕೇಳದ ಮನೆಯೇ ಇಲ್ಲ.

ನಮ್ಮ ಊರುಗಳಿಂದ ಬ್ಯಾಂಕಾಕ್‌ಗೆ ಗುಂಪು ಗುಂಪಾಗಿ ಹೋದವರಲ್ಲಿ ಡೀಲರ್‌ಗಳು ಜಾಸ್ತಿ. ಸಿಮೆಂಟ್, ಪೇಂಟ್, ಗೊಬ್ಬರ ಮಾರುವವರು ಟಾರ್ಗೆಟ್ ಮುಟ್ಟಿದರೆ ಕಂಪನಿಯವರೇ ಕರೆದುಕೊಂಡು ಹೋಗುತ್ತಿದ್ದರು. ಹೆಂಡತಿ ಮಕ್ಕಳಿಗೆ ಟಿಕೆಟ್ ಇರುತ್ತಿರಲಿಲ್ಲ. ಅವರು ವಾಪಸ್ ಬಂದು ಹೇಳಿದ ಕಥೆಗಳಿಂದ, ಹೇಳದೆ ನುಂಗಿಕೊಂಡ ಕಥೆಗಳಿಂದ ಇನ್ನೂ ಜಾಸ್ತಿ, ಆ ಊರಿಗೆ ಈ ಹೆಸರು ಬಂತು. ಆ ಥರದ ಜಾಗಗಳು ಇಲ್ಲ ಅಂತಲ್ಲ. ಪಾಟ್‌ಪಾಂಗ್, ನಾನಾ, ಸೋಯ್ ಕೌಬಾಯ್ ಅಂತ ಕೆಲವು ಬೀದಿಗಳಿವೆ. ನೀವು ನೋಡಬೇಕಾದ ಹಳೇ ಪಟ್ಟಣಕ್ಕೂ ಅವಕ್ಕೂ ಕಿಲೋಮೀಟರ್‌ಗಟ್ಟಲೆ ದೂರ. ಉಳಿದ ಊರು ಶಾಲೆ, ಆಫೀಸು, ಗುಡಿ, ಸಂತೆ ಅಂತ ತನ್ನ ಪಾಡಿಗೆ ತಾನಿದೆ.

ಹೋಟೆಲ್ ಆರಿಸುವಾಗ ಮಾತ್ರ ಈ ವಿಷಯ ನೆನಪಿರಲಿ. ಕಮ್ಮಿ ದರದ ಪ್ಯಾಕೇಜ್‌ನವರು ಹೆಚ್ಚಾಗಿ ನಾನಾ ಸುತ್ತಮುತ್ತ ರೂಮ್ ಕೊಡುತ್ತಾರೆ. ಇಂಡಿಯನ್ ಊಟ ಅಲ್ಲಿ ಸುಲಭವಾಗಿ ಸಿಗುತ್ತದೆ ಅನ್ನುವುದು ಅವರ ಕಾರಣ, ಅದು ನಿಜವೂ ಹೌದು. ಆದರೆ ರಾತ್ರಿ ಊಟ ಮುಗಿಸಿ ಅಪ್ಪ-ಅಮ್ಮನ ಜೊತೆ ಅಲ್ಲಿ ನಡೆದುಕೊಂಡು ಬರುವುದು ಮುಜುಗರವೇ. ಅದರ ಬದಲು ನದಿ ಹತ್ತಿರ, ಸಫಾನ್ ತಾಕ್ಸಿನ್ ಅಥವಾ ಸುರಸಾಕ್ ಸ್ಟೇಷನ್ ಪಕ್ಕ ರೂಮ್ ಕೇಳಿ. ಮಾರಿಯಮ್ಮನ ಗುಡಿ ಅಲ್ಲಿಂದ ಹತ್ತಿರ. 1879ರಲ್ಲಿ ತಮಿಳರು ಕಟ್ಟಿದ್ದು, ಥಾಯ್ ಜನರೂ ಹೂ ಹಿಡಿದು ಸಾಲು ನಿಲ್ಲುತ್ತಾರೆ. ಅದರ ಸುತ್ತ ಇಡ್ಲಿ ದೋಸೆಯೂ ಸಿಗುತ್ತದೆ. ದೋಣಿಗಟ್ಟೆ ಮತ್ತು ರೈಲು ಎರಡೂ ಪಕ್ಕದಲ್ಲೇ.

ಇನ್ನು ಮುಖ್ಯ ವಿಷಯ. ನಿಮ್ಮ ಏಜೆಂಟ್ ಪಟ್ಟಿಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ‘ಹೊರಗಿನಿಂದ ಅರಮನೆ’ ಮತ್ತು ‘ಜೆಮ್ಸ್ ಗ್ಯಾಲರಿ’. ಇವೆರಡೂ ಒಂದೇ ದಿನ, ಒಂದರ ಪಕ್ಕ ಒಂದು ಬಂದಿರುವುದು ಕಾಕತಾಳೀಯ ಅಲ್ಲ. ಅರಮನೆ ಒಳಗೆ ಹೋಗಲು ವಿದೇಶಿಯರಿಗೆ ತಲೆಗೆ 500 ಬಾತ್ ಟಿಕೆಟ್. ಒಂದು ಬಾತ್‌ಗೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿ. ಏಜೆಂಟ್‌ಗೆ ಅದು ಖರ್ಚು. ರತ್ನದ ಅಂಗಡಿ ಅವರಿಗೆ ಆದಾಯ. ನೀವು ಒಳಗೆ ಹೋಗಿ ಕೊಂಡರೆ ಕರೆತಂದವರಿಗೆ ಕಮಿಷನ್ ಸಿಗುತ್ತದೆ. ಎಷ್ಟೋ ಕಡೆ ನೀವು ಸುಮ್ನೆ ಒಳಗೆ ಕಾಲಿಟ್ಟರೂ ಏನಾದರೂ ಸಿಗುತ್ತದೆ. ನಿಮ್ಮ ಬಸ್ಸಿನ ಡೀಸೆಲ್, ಗೈಡ್‌ನ ದಿನಗೂಲಿ ಬರುವುದು ಅಲ್ಲಿಂದ. ‘ಸಿಟಿ ಟೂರ್ ಫ್ರೀ’ ಅನ್ನುವುದರ ಅರ್ಥ ಇಷ್ಟೇ. ಚೀನಾದಿಂದ ಬರುವ ಗುಂಪುಗಳಲ್ಲಿ ಇದು ಎಷ್ಟು ವಿಪರೀತಕ್ಕೆ ಹೋಗಿತ್ತೆಂದರೆ, ‘ಜೀರೋ ಡಾಲರ್ ಟೂರ್’ ಅಂತಲೇ ಅದಕ್ಕೆ ಹೆಸರು ಬಿದ್ದಿತ್ತು. 2016ರಲ್ಲಿ ಥಾಯ್ ಸರ್ಕಾರವೇ ಅದರ ಮೇಲೆ ಮುಗಿಬಿತ್ತು.

ನಿಮ್ಮ ಪಕ್ಕದ ಮನೆಯವರಿಗೆ ಆದದ್ದೂ ಇದೇ ಲೆಕ್ಕ, ಚಿಕ್ಕ ಅಳತೆಯಲ್ಲಿ. ಅದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಗೊತ್ತಿದ್ದರೆ ಮೋಸ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಅರಮನೆಯ ಸುತ್ತಲಿನ ಗೋಡೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಉದ್ದ. ಅದಕ್ಕೆ ಬಾಗಿಲುಗಳು ಬೇಕಾದಷ್ಟಿವೆ. ಪ್ರವಾಸಿಗರನ್ನು ಬಿಡುವುದು ಮಾತ್ರ ಉತ್ತರ ದಿಕ್ಕಿನಲ್ಲಿ, ನಾ ಫ್ರಾ ಲಾನ್ ರಸ್ತೆಯ ಬಾಗಿಲಿನಿಂದ. ಪಕ್ಕದ ವಾಟ್ ಫೋ ಗುಡಿ ನೋಡಿಕೊಂಡು ದಕ್ಷಿಣದಿಂದ ನಡೆದು ಬಂದವರಿಗೆ ಎದುರಾಗುವುದು ಬೇರೆ ಬಾಗಿಲುಗಳು. ಅವು ಮುಚ್ಚಿರುತ್ತವೆ, ಮುಂದೆ ಕಾವಲಿನವರು ನಿಂತಿರುತ್ತಾರೆ. ಆಗಲೇ ಒಬ್ಬರು ಹತ್ತಿರ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಒಂದು ಕಾರ್ಡ್, ಮಾತು ಬಹಳ ಮೃದು. ಯಾವ ದೇಶ ಅಂತ ಕೇಳುತ್ತಾರೆ. ಇಂಡಿಯಾ ಅಂದರೆ ಕೈ ಮುಗಿಯುತ್ತಾರೆ. ‘ಇವತ್ತು ಬೌದ್ಧರ ಹಬ್ಬ, ಒಳಗೆ ಪೂಜೆ ನಡೀತಿದೆ, ಒಂದು ಗಂಟೆಗೆ ತೆಗೀತಾರೆ’ ಅನ್ನುತ್ತಾರೆ. ನಿಮ್ಮ ಕೈಯಲ್ಲಿರುವ ಮ್ಯಾಪ್ ತೆಗೆದುಕೊಂಡು ಪೆನ್ನಿನಲ್ಲಿ ಮೂರು ಜಾಗಕ್ಕೆ ಸುತ್ತು ಹಾಕುತ್ತಾರೆ. ಅಷ್ಟರಲ್ಲಿ ಒಂದು ಟುಕ್-ಟುಕ್, ಅಂದರೆ ಅಲ್ಲಿನ ಆಟೋ, ಬಂದು ನಿಂತಿರುತ್ತದೆ. ಮೂರೂ ಜಾಗಕ್ಕೆ ಸೇರಿ ಇಪ್ಪತ್ತೋ ನಲವತ್ತೋ ಬಾತ್! ಮೊದಲನೆಯದು ನಿಜವಾದ ಗುಡಿ. ಅಲ್ಲಿ ಇನ್ನೊಬ್ಬರು ಸಿಕ್ಕಿ, ‘ಸರ್ಕಾರಿ ಅಂಗಡಿಯಲ್ಲಿ ಇವತ್ತೊಂದೇ ದಿನ ತೆರಿಗೆ ಇಲ್ಲದೆ ನೀಲ, ಮಾಣಿಕ್ಯ ಕೊಡ್ತಾರೆ’ ಅನ್ನುತ್ತಾರೆ. ಇಬ್ಬರು ಬೇರೆ ಬೇರೆಯವರು ಒಂದೇ ಮಾತು ಹೇಳಿದ ಮೇಲೆ ನಂಬದೆ ಇರುವುದು ಕಷ್ಟ.

ಈ ಸುಳ್ಳಿನಲ್ಲಿ ಒಂದು ಹಿಡಿ ನಿಜ ಇದೆ, ಅದಕ್ಕೇ ಇದು ಇಷ್ಟು ವರ್ಷ ನಡೆಯುತ್ತಿದೆ. ಥೈಲ್ಯಾಂಡ್ ಮಾಣಿಕ್ಯ, ನೀಲದ ವ್ಯಾಪಾರಕ್ಕೆ ನಿಜವಾಗಿಯೂ ದೊಡ್ಡ ಕೇಂದ್ರ. ಚಂಥಬುರಿ ಅನ್ನುವ ಊರಿನಲ್ಲಿ ಕಲ್ಲು ಕತ್ತರಿಸುವವರು ತಲೆಮಾರುಗಳಿಂದ ಇದ್ದಾರೆ. ಅರಮನೆಯೂ ಕೆಲವೊಮ್ಮೆ ರಾಜಮನೆತನದ ವಿಧಿಗಳಿಗಾಗಿ ಮುಚ್ಚುವುದುಂಟು, ಕೆಲವು ಭಾಗಗಳಿಗೆ ಬಿಡದೆ ಇರುವುದೂ ಉಂಟು. ಆದರೆ ಆ ವಿಷಯ ಹಿಂದಿನ ದಿನವೇ ಅರಮನೆಯ ವೆಬ್‌ಸೈಟಿನಲ್ಲಿ ಇರುತ್ತದೆ. ಸರ್ಕಾರ ನಡೆಸುವ ರತ್ನದ ಅಂಗಡಿ ಅಂತ ಒಂದೂ ಇಲ್ಲ. ನಿಮ್ಮ ನೆರೆಯವರಿಗೆ ಸಿಕ್ಕಿದ್ದು ಗಾಜು ಇರಲಿಕ್ಕಿಲ್ಲ. ಸಾಮಾನ್ಯವಾಗಿ ನಿಜವಾದ ಕಲ್ಲೇ ಕೊಡುತ್ತಾರೆ, ಕೀಳು ದರ್ಜೆಯದ್ದನ್ನು ಹಲವು ಪಟ್ಟು ಬೆಲೆಗೆ. ಹಾಗಾಗಿ ದೂರು ಕೊಟ್ಟರೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಬಹಳ ಸರಳ. ಟಿಕೆಟ್ ಕೌಂಟರಿನವರು ಹೇಳುವ ತನಕ ಅರಮನೆ ಮುಚ್ಚಿದೆ ಅಂತ ಯಾರು ಹೇಳಿದರೂ ನಂಬಬೇಡಿ. ನಕ್ಕು ಮುಂದೆ ನಡೆಯಿರಿ, ವಾದ ಬೇಡ. ದೋಣಿಯಲ್ಲಿ ಬಂದು ಥಾ ಚಾಂಗ್ ಗಟ್ಟೆಯಲ್ಲಿ ಇಳಿದರೆ ಸರಿಯಾದ ಬಾಗಿಲು ನಾಲ್ಕು ಹೆಜ್ಜೆ ಮುಂದೆ ಸಿಗುತ್ತದೆ, ಆ ಉದ್ದ ಗೋಡೆಯ ಪಕ್ಕ ನಡೆಯುವ ಕಷ್ಟವೂ ಇಲ್ಲ. ಏನಾದರೂ ಎಡವಟ್ಟಾದರೆ ಟೂರಿಸ್ಟ್ ಪೊಲೀಸರ ನಂಬರ್ 1155. ಇಂಗ್ಲಿಷಿನಲ್ಲಿ ಮಾತಾಡುತ್ತಾರೆ.

ಟುಕ್-ಟುಕ್ ಹತ್ತಲೇಬಾರದು ಅಂತ ನಾನು ಹೇಳುವುದಿಲ್ಲ. ಅಪ್ಪನಿಗೆ ಒಮ್ಮೆ ಹತ್ತಬೇಕು ಅನ್ನಿಸಿದರೆ ಹತ್ತಿಸಿ. ಅದಕ್ಕೆ ಮೀಟರ್ ಇಲ್ಲ, ದರ ಮೊದಲೇ ಮಾತಾಡಬೇಕು, ನ್ಯಾಯವಾಗಿ ಓಡಿಸಿದರೆ ಟ್ಯಾಕ್ಸಿಗಿಂತ ಜಾಸ್ತಿಯೇ ಆಗುತ್ತದೆ. ಕಮ್ಮಿ ದರ ಹೇಳಿದವನನ್ನು ಮಾತ್ರ ಬಿಟ್ಟುಬಿಡಿ. ಟ್ಯಾಕ್ಸಿಯಲ್ಲಿ ಮೀಟರ್ 35 ಬಾತ್‌ನಿಂದ ಶುರು. ಮೀಟರ್ ಹಾಕಲ್ಲ ಅಂದರೆ ಇಳಿದು ಇನ್ನೊಂದು ಹಿಡಿಯಿರಿ. ಗ್ರಾಬ್, ಬೋಲ್ಟ್ ಆ್ಯಪ್‌ಗಳೂ ಇವೆ.

ಇನ್ನು ಏನು ನೋಡಬೇಕು ಅನ್ನುವುದಕ್ಕೆ ಬರುತ್ತೇನೆ. ನನ್ನನ್ನು ಕೇಳಿದರೆ ನಿಮ್ಮ ಅಪ್ಪ-ಅಮ್ಮನಿಗೆ ಬ್ಯಾಂಕಾಕ್‌ನಲ್ಲಿ ಒಂದೇ ಒಂದು ಜಾಗ ತೋರಿಸಲು ಸಾಧ್ಯ ಅಂದರೂ ಅದು ಅರಮನೆಯ ಒಳಗೇ ಆಗಬೇಕು. ನಿಮ್ಮ ಏಜೆಂಟ್ ತೆಗೆದುಹಾಕಿರುವುದೂ ಅದನ್ನೇ!

1782ರಲ್ಲಿ ಮೊದಲನೇ ರಾಮ ದೊರೆ ರಾಜಧಾನಿಯನ್ನು ಚಾವೋ ಫ್ರಾಯಾ ನದಿಯ ಆ ದಡದಿಂದ ಈ ದಡಕ್ಕೆ ತಂದಾಗ ಕಟ್ಟಲು ಶುರು ಮಾಡಿದ್ದು ಈ ಅರಮನೆ. ಅದರೊಳಗೇ ವಾಟ್ ಫ್ರಾ ಕೇವ್ ಅನ್ನುವ ಗುಡಿ ಇದೆ. ಎಲ್ಲರೂ ‘ಪಚ್ಚೆ ಬುದ್ಧ’ ಅನ್ನುತ್ತಾರೆ, ಅದು ಪಚ್ಚೆ ಅಲ್ಲ, ಹಸಿರು ಜೇಡ್ ಕಲ್ಲು. ದೊಡ್ಡ ಮೂರ್ತಿ ಅಂದುಕೊಂಡು ಹೋದವರಿಗೆ ನಿರಾಸೆ ಆಗುತ್ತದೆ, ಯಾಕೆಂದರೆ ಎತ್ತರ ಸುಮಾರು 66 ಸೆಂಟಿಮೀಟರ್ ಅಷ್ಟೇ, ಅದೂ ಬಹಳ ಎತ್ತರದ ಪೀಠದ ಮೇಲೆ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ದೊರೆಯೇ ಬಂದು ಮೂರ್ತಿಯ ಬಟ್ಟೆ ಬದಲಿಸುತ್ತಾರೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಕೂರುವಾಗ ಅಂಗಾಲು ಮೂರ್ತಿಯ ಕಡೆ ಚಾಚಬಾರದು. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ನಿಮ್ಮವರು ಜಾಸ್ತಿ ಹೊತ್ತು ನಿಲ್ಲುವುದು ಗುಡಿಯ ಒಳಗಲ್ಲ, ಸುತ್ತಲಿನ ಮೊಗಸಾಲೆಯಲ್ಲಿ. ಆ ಗೋಡೆಯುದ್ದಕ್ಕೂ ರಾಮಾಯಣ ಬರೆದಿದ್ದಾರೆ, 178 ಚಿತ್ರಗಳಲ್ಲಿ. ಅಲ್ಲಿ ಅದಕ್ಕೆ ರಾಮಕಿಯೆನ್ ಅನ್ನುತ್ತಾರೆ. ಬಂಗಾರದ ಬಣ್ಣದಲ್ಲಿ ಅರಮನೆ, ರಥ, ಕಿರೀಟ. ಕೆಳಗಡೆ ಮೂಲೆಯಲ್ಲಿ ಸಾಮಾನ್ಯ ಜನ ಅಡುಗೆ ಮಾಡುತ್ತಾ, ಜೂಜಾಡುತ್ತಾ ಇರುತ್ತಾರೆ. ಗೈಡ್‌ಗಳು ಇಲ್ಲಿ ಎರಡು ನಿಮಿಷ ನಿಲ್ಲಿಸಿ ಓಡಿಸುತ್ತಾರೆ. ನೀವು ನಿಧಾನವಾಗಿ ಹೋಗಿ. ಒಂದು ಚಿತ್ರದಲ್ಲಿ ಬಿಳೀ ಹನುಮಂತ ಬೆಟ್ಟದಷ್ಟು ಬೆಳೆದು ಬಾಯಿ ತೆರೆದಿದ್ದಾನೆ. ಆ ಬಾಯೊಳಗೆ ರಾಮ ಮಲಗುವ ಬಿಡಾರ ಇದೆ. ಮೈಯರಾಪ್ ಅನ್ನುವ ಅಸುರ ರಾಮನನ್ನು ಕದ್ದು ಪಾತಾಳಕ್ಕೆ ಒಯ್ಯುತ್ತಾನೆ ಅಂತ ಗೊತ್ತಾಗಿ ಹನುಮಂತ ಹಾಗೆ ಕಾವಲು ಕೂತದ್ದು. ಹೌದು, ನಮ್ಮ ಯಕ್ಷಗಾನದ ಮೈರಾವಣನೇ ಅವನು. ಪ್ರಸಂಗ ನೋಡಿದವರು ಯಾರಾದರೂ ಗುಂಪಿನಲ್ಲಿದ್ದರೆ ಆಮೇಲೆ ಗೈಡ್‌ಗೆ ಕೆಲಸವೇ ಇರುವುದಿಲ್ಲ, ಅವರೇ ಕಥೆ ಹೇಳಲು ಶುರು ಮಾಡುತ್ತಾರೆ.

ಒಂದು ಮಾತ್ರ ಮೊದಲೇ ಹೇಳಿಬಿಡಿ. ಅಲ್ಲಿನ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಅಡ್ಡಿ ಮಾಡಲು ಬಂದ ಮತ್ಸ್ಯಕನ್ಯೆಯನ್ನೇ ಒಲಿಸಿಕೊಳ್ಳುತ್ತಾನೆ, ಅವಳು ರಾವಣನ ಮಗಳು ಬೇರೆ. ಹನುಮಂತನ ಭಕ್ತರಾದ ಹಿರಿಯರಿಗೆ ಇದು ಚಿತ್ರದ ಎದುರು ನಿಂತಾಗ ಮೊದಲ ಸಲ ಗೊತ್ತಾಗುವುದು ಬೇಡ.

ಅರಮನೆಯ ಟಿಕೆಟ್‌ನಲ್ಲೇ ಖೋನ್ ಪ್ರದರ್ಶನವೂ ಸೇರಿದೆ, ಸಾಲಾ ಚಾಲೆರ್ಮ್‌ಕ್ರುಂಗ್ ಥಿಯೇಟರಿನಲ್ಲಿ, ವಾರದ ದಿನಗಳಲ್ಲಿ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಟಿಕೆಟ್ ಬಿಸಾಡಿ ಬರುತ್ತಾರೆ. ಖೋನ್ ಅಂದರೆ ಮುಖವಾಡ ಹಾಕಿ ಆಡುವ ರಾಮಾಯಣ. ಪಾತ್ರಧಾರಿ ಮಾತಾಡುವುದಿಲ್ಲ, ಪಕ್ಕದಲ್ಲಿ ಕೂತವರು ಅವನ ಪರವಾಗಿ ಹೇಳುತ್ತಾರೆ. 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ತಂಪಾದ ಹಾಲ್‌ನಲ್ಲಿ ಕೂತು ನೋಡುವುದರಿಂದ ಅಮ್ಮನ ಮಂಡಿಗೂ ವಿಶ್ರಾಂತಿ. ಆವತ್ತಿನ ಹೊತ್ತು ಯಾವುದು ಅಂತ ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ.

ಥಾಯ್ ಜನಕ್ಕೆ ಅರಮನೆ ಫ್ರೀ, ನಮಗೆ 500 ಬಾತ್. ಅನ್ಯಾಯ ಅನ್ನಿಸಬಹುದು. ನಮ್ಮ ಹಂಪಿಯಲ್ಲೂ ವಿದೇಶಿಯರಿಗೆ ಬೇರೆ ಟಿಕೆಟ್, ನಮಗೆ ಬೇರೆ ಅಲ್ವಾ? ಬಟ್ಟೆಯ ವಿಷಯದಲ್ಲಿ ಕಟ್ಟುನಿಟ್ಟು. ಭುಜ, ಮಂಡಿ ಮುಚ್ಚಿರಬೇಕು. ಅಮ್ಮ ಸೀರೆಯಲ್ಲೇ ಬರಲಿ, ಅದಕ್ಕಿಂತ ಒಳ್ಳೆಯದು ಇಲ್ಲ. ಅಪ್ಪ ಪಂಚೆ ಉಟ್ಟರೂ ಸರಿ, ಎತ್ತಿ ಕಟ್ಟುವ ಹಾಗಿಲ್ಲ ಅಷ್ಟೇ. ಸಿಕ್ಕಿಬೀಳುವುದು ನಿಮ್ಮ ವಯಸ್ಸಿನವರೇ. ತೋಳಿಲ್ಲದ ಟಾಪ್, ಹರಿದ ಜೀನ್ಸ್, ತ್ರೀ-ಫೋರ್ತ್ ಹಾಕಿಕೊಂಡು ಬಂದು, ಕೊನೆಗೆ ಹೊರಗಿನ ಅಂಗಡಿಯಲ್ಲಿ ಆನೆ ಚಿತ್ರದ ಪ್ಯಾಂಟ್ ಕೊಳ್ಳುತ್ತಾರೆ. ಎಲ್ಲರೂ ಒಂದೊಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ. ಚಪ್ಪಲಿ ಬಿಟ್ಟು ನಡೆಯುವ ಕಲ್ಲು ಹತ್ತು ಗಂಟೆಯ ಮೇಲೆ ಕಾದಿರುತ್ತದೆ.

ಹೊತ್ತು ಬಹಳ ಮುಖ್ಯ. ಎಂಟೂವರೆಗೆ ಬಾಗಿಲು ತೆರೆಯುತ್ತದೆ, ಟಿಕೆಟ್ ಮೂರೂವರೆ ತನಕ. ನೀವು ಎಂಟೂಕಾಲಿಗೇ ಅಲ್ಲಿರಿ. ಹತ್ತರ ಹೊತ್ತಿಗೆ ಬಸ್ಸುಗಳು ಬಂದು ಜನ ತುಂಬಿಕೊಳ್ಳುತ್ತಾರೆ. ಒಳಗೆ ನೆರಳು ಕಮ್ಮಿ, ಕೂರಲು ಜಾಗ ಇನ್ನೂ ಕಮ್ಮಿ, ಹೊಸ್ತಿಲುಗಳು ಎತ್ತರ. ಜನವರಿ ಅಂದರೆ ಅಲ್ಲಿ ತಂಪು ಕಾಲ ಅನ್ನುತ್ತಾರೆ. ಆದರೂ ಮಧ್ಯಾಹ್ನ ಬೆವರು ನಿಲ್ಲುವುದಿಲ್ಲ. ಬಿ.ಪಿ. ಇರುವವರು ಹನ್ನೊಂದರ ಒಳಗೆ ನೆರಳು ಸೇರಿಕೊಳ್ಳಬೇಕು. ಇನ್ನೊಂದು ವಿಷಯ, ಆ ತಿಂಗಳುಗಳಲ್ಲಿ ಕೆಲವು ದಿನ ಗಾಳಿಯಲ್ಲಿ ಹೊಗೆ-ದೂಳು ಜಾಸ್ತಿ ಇರುತ್ತದೆ. ಉಬ್ಬಸದ ಹಳೇ ತೊಂದರೆ ಇದ್ದರೆ ಒಳ್ಳೆಯ ಮಾಸ್ಕ್ ತನ್ನಿ.

ವಾಟ್ ಫೋ ಅದೇ ದಿನ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ, ಸಂಜೆ ತನಕ ತೆರೆದಿರುತ್ತದೆ. ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆ ಮಾಡಿದ್ದಾರೆ. ಬೆನ್ನ ಹಿಂದೆ 108 ಕಂಚಿನ ಬಟ್ಟಲುಗಳ ಸಾಲು. ಚಿಲ್ಲರೆ ಕಾಸು ಕೊಂಡು ಒಂದೊಂದಕ್ಕೂ ಹಾಕುತ್ತಾ ಹೋಗಬೇಕು. ಆ ಟಿಣ್ ಟಿಣ್ ಸದ್ದು ಹಿರಿಯರಿಗೆ ಬಹಳ ಇಷ್ಟ. ಥಾಯ್ ಮಸಾಜ್‌ಗೂ ಇದೇ ಮೂಲ ಜಾಗ, ಒಳಗೇ ಶಾಲೆ ಇದೆ. ‘ಬ್ಯಾಂಕಾಕ್ ಮಸಾಜ್’ ಅಂದ ತಕ್ಷಣ ನಗುವ ನೆಂಟರಿಗೆ ಇಲ್ಲಿನ ಫೋಟೋ ಕಳಿಸಿ, ಗುಡಿಯ ಅಂಗಳದಲ್ಲಿ ಅಜ್ಜ ಅಜ್ಜಿಯರು ಕಾಲು ಒತ್ತಿಸಿಕೊಳ್ಳುತ್ತಿರುತ್ತಾರೆ. ಆದರೆ ಪೂರ್ತಿ ಥಾಯ್ ಮಸಾಜ್‌ನಲ್ಲಿ ಕೈಕಾಲು ಜೋರಾಗಿ ಎಳೆದು ಮಡಚುತ್ತಾರೆ. ಮೂಳೆ ಸವೆತ ಇದ್ದವರಿಗೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಬೇಡ. ಅಮ್ಮನಿಗೆ ಪಾದದ ಮಸಾಜ್ ಸಾಕು, ಮಂಡಿ ಮುಟ್ಟಬೇಡಿ ಅಂತ ಮೊದಲೇ ತೋರಿಸಿ ಹೇಳಿ.

ಅಲ್ಲಿಂದ ಥಾ ತಿಯೆನ್ ಗಟ್ಟೆಗೆ ಬಂದರೆ ಎದುರು ದಡದಲ್ಲಿ ವಾಟ್ ಅರುಣ್ ಗುಡಿ. ದಾಟಿಸುವ ದೋಣಿಗೆ 5 ಬಾತ್. ಗೋಪುರದ ಮೈಗೆಲ್ಲಾ ಪಿಂಗಾಣಿ ಚೂರುಗಳನ್ನು ಹೂವಿನ ಹಾಗೆ ಜೋಡಿಸಿದ್ದಾರೆ, ಹತ್ತಿರ ಹೋದರೆ ಮಾತ್ರ ಅದು ಒಡೆದ ತಟ್ಟೆ ಬಟ್ಟಲು ಅಂತ ಗೊತ್ತಾಗುತ್ತದೆ. ಮೆಟ್ಟಿಲು ಏಣಿಯಷ್ಟು ಕಡಿದು. ಅಮ್ಮ ಕೆಳಗೇ ಕೂರಲಿ, ನೀವೂ ಅಪ್ಪನೂ ಹತ್ತಿಬನ್ನಿ, ಅಥವಾ ಯಾರೂ ಹತ್ತಬೇಡಿ. ಮೇಲಿಂದ ಕಾಣುವುದಕ್ಕಿಂತ ಈ ದಡದಿಂದ ಸಂಜೆ ಕಾಣುವುದೇ ಚೆಂದ ಅನ್ನುವುದು ನನ್ನ ಅಭಿಪ್ರಾಯ. ಇಷ್ಟಾದ ಮೇಲೆ ರಾತ್ರಿ ಕ್ರೂಸ್ ಬೇಕಾಗಿಲ್ಲ. ಅದೇ ನದಿ, ಅದೇ ಗೋಪುರ. ಜೊತೆಗೆ ಜೋರು ಹಾಡು, ತಣ್ಣಗಾದ ಬಫೆ, ಮಾಂಸದ ಪಕ್ಕದಲ್ಲೇ ಇಟ್ಟ ಸಸ್ಯಾಹಾರ. ಅದರ ಬದಲು ಕಿತ್ತಳೆ ಬಾವುಟದ ಎಕ್ಸ್‌ಪ್ರೆಸ್ ದೋಣಿ ಹತ್ತಿ, ಇಪ್ಪತ್ತು ಬಾತ್ ಒಳಗೆ ಮುಗಿಯುತ್ತದೆ. ಹಿಂದೆ ನಿಂತವನು ಸಿಳ್ಳೆ ಹಾಕಿ ಚಾಲಕನಿಗೆ ಸೂಚನೆ ಕೊಡುತ್ತಾ ಗಟ್ಟೆಗೆ ತಾಗಿಸುತ್ತಾನೆ. ನಿಲ್ಲುವುದು ಕೆಲವೇ ಕ್ಷಣ, ಗಟ್ಟೆಯೂ ತೂಗಾಡುತ್ತದೆ. ಅಮ್ಮನ ಕೈ ಹಿಡಿದುಕೊಂಡೇ ಇಳಿಸಿ. ಸಂಜೆ ಐದರಿಂದ ಆಫೀಸಿನವರ ನೂಕುನುಗ್ಗಲು, ಆಗ ಬೇಡ. ಭಯ ಅನ್ನಿಸಿದರೆ ಪ್ರವಾಸಿಗರ ನೀಲಿ ಬಾವುಟದ ದೋಣಿ ಇದೆ. ದರ ಜಾಸ್ತಿ, ಆದರೆ ಆರಾಮ. ಇಲ್ಲದಿದ್ದರೆ ರೈಲು. 2019ರಲ್ಲಿ ಮೆಟ್ರೋ ಸನಾಮ್ ಚಾಯ್ ತನಕ ಬಂದ ಮೇಲೆ ವಾಟ್ ಫೋಗೆ ಐದು ನಿಮಿಷದ ನಡಿಗೆ. ಅದಕ್ಕೂ ಮುಂಚೆ ಈ ಕಡೆ ರೈಲೇ ಇರಲಿಲ್ಲ, ಟುಕ್-ಟುಕ್‌ನವರ ಆಟ ಇಲ್ಲೇ ಜೋರಾಗಿ ನಡೆದದ್ದಕ್ಕೆ ಅದೂ ಒಂದು ಕಾರಣ.

ಎರಡನೇ ದಿನ ಚೈನಾಟೌನ್ ಕಡೆ ಹೋಗಿ. ವಾಟ್ ತ್ರೈಮಿತ್‌ನಲ್ಲಿ ಐದೂವರೆ ಟನ್ ತೂಕದ ಬಂಗಾರದ ಬುದ್ಧ ಇದ್ದಾನೆ. ಬಹಳ ಕಾಲ ಅದು ಬರೀ ಗಾರೆಯ ಮೂರ್ತಿ ಅಂತಲೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಸಾಗಿಸುವಾಗ ಕೆಳಗೆ ಬಿದ್ದು ಗಾರೆ ಸಿಡಿಯಿತು, ಒಳಗೆ ಚಿನ್ನ ಕಂಡಿತು. ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತ ಯಾವ ಕಾಲದಲ್ಲೋ ಬಳಿದಿದ್ದ ಗಾರೆ ಅದು. ಇದು ನಿಮ್ಮ ಏಜೆಂಟ್ ಪಟ್ಟಿಯಲ್ಲೂ ಇರಬಹುದು, ಇರಲಿ. ಅಲ್ಲಿಂದ ಸಾವೋ ಚಿಂಗ್ ಚಾ, ಅಂದರೆ ಕೆಂಪು ಮರದ ದೊಡ್ಡ ಉಯ್ಯಾಲೆ ಕಂಬ. ಅದರ ಪಕ್ಕದಲ್ಲಿ 1784ರಲ್ಲಿ ಕಟ್ಟಿದ ದೇವಸ್ಥಾನ್ ಅನ್ನುವ ಬ್ರಾಹ್ಮಣರ ಗುಡಿ ಇದೆ. ಶಿವ, ಗಣಪತಿ, ವಿಷ್ಣುವಿಗೆ ಒಂದೊಂದು ಮಂದಿರ. ಇವತ್ತಿಗೂ ರಾಜಮನೆತನದ ವಿಧಿಗಳನ್ನು ನಡೆಸುವುದು ಇಲ್ಲಿನ ಬ್ರಾಹ್ಮಣರೇ. ಉಯ್ಯಾಲೆ ಆಡುವ ಅಪಾಯದ ಪದ್ಧತಿ 1935ರಲ್ಲಿ ನಿಂತಿತು. ಯಾವ ಪ್ಯಾಕೇಜ್‌ನಲ್ಲೂ ಈ ಗುಡಿ ಇರುವುದಿಲ್ಲ, ನಿಮ್ಮವರಿಗೆ ಮಾತ್ರ ಹೇಳಿ ಮಾಡಿಸಿದ ಜಾಗ. ಅದೇ ದಿನ ಸಂಜೆ ಚಿತ್ ಲೋಮ್ ಸ್ಟೇಷನ್ ಕೆಳಗೆ ಎರವಾನ್ ಬ್ರಹ್ಮನನ್ನೂ ನೋಡಬಹುದು. 1956ರಲ್ಲಿ ಹೋಟೆಲ್ ಕಟ್ಟುವಾಗ ಒಂದರ ಮೇಲೊಂದು ಅಪಘಾತ ಆಯಿತು ಅಂತ ಜೋಯಿಸರ ಮಾತಿನಂತೆ ಕೂರಿಸಿದ ನಾಲ್ಕು ಮುಖದ ಬ್ರಹ್ಮ. ಹರಕೆ ತೀರಿದವರು ದುಡ್ಡು ಕೊಟ್ಟು ಅಲ್ಲೇ ನರ್ತಕಿಯರಿಂದ ಕುಣಿಸುತ್ತಾರೆ.

ಮೂರನೇ ದಿನದ ಬಗ್ಗೆ ನಾನು ಹಠ ಮಾಡುವುದಿಲ್ಲ. ತೇಲುವ ಮಾರುಕಟ್ಟೆ ಅಂತ ಎಲ್ಲರೂ ಫೋಟೋದಲ್ಲಿ ನೋಡಿರುವುದು ದಮ್ನೋಯೆನ್ ಸದುವಕ್. ಅದು ಬ್ಯಾಂಕಾಕ್ ಒಳಗಿಲ್ಲ, ಸುಮಾರು ನೂರು ಕಿಲೋಮೀಟರ್ ಆಚೆ. ನಾಲ್ಕನೇ ರಾಮ ದೊರೆಯ ಕಾಲದಲ್ಲಿ ತೋಡಿದ ಕಾಲುವೆ, ಒಂದು ಕಾಲಕ್ಕೆ ನಿಜವಾದ ಸಂತೆ. ಈಗ ಕೊಳ್ಳುವವರೆಲ್ಲಾ ಪ್ರವಾಸಿಗರು, ದೋಣಿ ತುಂಬಾ ಅದೇ ಟೋಪಿ, ಅದೇ ಮ್ಯಾಗ್ನೆಟ್. ಚಾಲಕ ನಿಮ್ಮನ್ನು ಖಾಸಗಿ ಗಟ್ಟೆಯಲ್ಲಿ ಇಳಿಸಿ ದುಬಾರಿ ದೋಣಿ ಹತ್ತಿಸುವುದು ಅಲ್ಲಿ ಮಾಮೂಲು. ಹೋಗಲೇಬೇಕು ಅಂದರೆ ಶನಿವಾರ ಅಥವಾ ಭಾನುವಾರ ಮಧ್ಯಾಹ್ನದ ಮೇಲೆ ಅಂಫವಾಗೆ ಹೋಗಿ, ಅಲ್ಲಿ ಊರಿನ ಜನವೂ ಬರುತ್ತಾರೆ. ದಾರಿಯಲ್ಲೇ ಮೇಕ್ಲಾಂಗ್ ಸಂತೆ. ರೈಲು ಬಂದಾಗ ಹಳಿ ಮೇಲಿನ ತರಕಾರಿ, ಮೀನು, ಬಟ್ಟೆಯ ಚಪ್ಪರ ಎಲ್ಲಾ ಒಳಗೆ ಎಳೆದು, ರೈಲು ಹೋದ ಮೇಲೆ ಮತ್ತೆ ಹರಡುತ್ತಾರೆ. ಮೀನಿನ ವಾಸನೆ ಅಮ್ಮನಿಗೆ ಆಗುತ್ತದಾ ಯೋಚಿಸಿ. ಸಫಾರಿ ಬಿಡಿ. ಪ್ರಾಣಿಗಳಿಂದ ಆಟ ಆಡಿಸುವುದನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಇಬ್ಬರಿಗೂ ದಣಿವಾಗಿದ್ದರೆ ಬೆಳಿಗ್ಗೆ ಲುಂಪಿನಿ ಪಾರ್ಕಿಗೆ ಹೋಗಿ ಕೂತುಕೊಳ್ಳಿ. ಮೊಸಳೆಮರಿಯಷ್ಟು ದೊಡ್ಡ ಉಡಗಳು ಕೆರೆಯಿಂದ ಎದ್ದು ದಾರಿ ದಾಟುತ್ತವೆ, ಹತ್ತಿರ ಹೋಗದಿದ್ದರೆ ಏನೂ ಮಾಡುವುದಿಲ್ಲ.

ಊಟದ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ, ಆದರೆ ಬೇರೆಯವರು ಹೇಳುವಷ್ಟು ಸುಲಭವೂ ಅಲ್ಲ. ‘ವೆಜ್’ ಅಂದರೆ ಮಾಂಸದ ತುಂಡು ಮಾತ್ರ ತೆಗೆದು ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಅವರಿಗೆ ಅದು ಉಪ್ಪಿನ ಲೆಕ್ಕ, ಮೋಸ ಅಲ್ಲ. ‘ಜೇ’ ಅನ್ನಿ. ಚೀನೀ ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರ ಅದು. ಹಾಲು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಅಮ್ಮನಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ದೂರದಿಂದ 17 ಅಂತ ಬರೆದ ಹಾಗೆ ಕಾಣುತ್ತದೆ. ಆ ಗುರುತು ಹುಡುಕಿ. ಬಾಣಲೆ ಬೇರೆ ಇಡುತ್ತಾರಾ ಅನ್ನುವಷ್ಟು ಮಡಿ ಇದ್ದರೆ ಫಾಹುರತ್‌ನ ಇಂಡಿಯನ್ ಸಸ್ಯಾಹಾರಿ ಹೋಟೆಲ್‌ಗಳೇ ಸರಿ. ಚೈನಾಟೌನ್ ಪಕ್ಕದಲ್ಲೇ ಇದೆ. ಮಾವಿನಹಣ್ಣು, ಅಂಟು ಅನ್ನ, ತೆಂಗಿನ ಹಾಲಿನ ಸಿಹಿ, ಎಳನೀರು, ಹೆಚ್ಚಿದ ಹಣ್ಣು ಬೀದಿಯಲ್ಲೇ ಸಿಗುತ್ತದೆ. ಪಪಾಯಿ ಸಲಾಡ್ ನೋಡಲು ಕೋಸಂಬರಿ ಥರ ಇದ್ದರೂ ಒಣ ಸೀಗಡಿ ಹಾಕಿರುತ್ತಾರೆ, ಜೋಪಾನ.

ಕಾಗದ ಪತ್ರದ ಬಗ್ಗೆ ಎರಡು ಮಾತು. 2025ರ ಮೇ 1ರಿಂದ ಥೈಲ್ಯಾಂಡ್‌ಗೆ ಹೋಗುವ ಪ್ರತಿ ವಿದೇಶಿಯೂ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅಲ್ಲಿ ಇಳಿಯುವ ಮುಂಚಿನ ಮೂರು ದಿನದ ಒಳಗೆ. ಅದು ಫ್ರೀ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ. ವೀಸಾ ನಿಯಮ ಭಾರತೀಯರಿಗೆ ಈಚೆಗೆ ಪದೇ ಪದೇ ಬದಲಾಗಿದೆ, ಟಿಕೆಟ್ ಮಾಡುವ ಮೊದಲು ಥಾಯ್ ರಾಯಭಾರ ಕಚೇರಿಯ ತಾಣ ನೋಡಿ. ಅಪ್ಪನ ಮಾತ್ರೆ ಕೈಚೀಲದಲ್ಲಿ, ಡಾಕ್ಟರ ಚೀಟಿ ಸಮೇತ.

ಈಗ ನಿಮ್ಮ ಕೊನೆಯ ಪ್ರಶ್ನೆ, ಏಜೆಂಟ್‌ಗೆ ಏನು ಹೇಳಬೇಕು. ನಿಮ್ಮ ಎದುರು ಮೂರು ದಾರಿ ಇದೆ. ಅದೇ ಪ್ಯಾಕೇಜ್‌ನಲ್ಲಿ ಹೋದರೆ ದುಡ್ಡು ಉಳಿಯುತ್ತದೆ, ಭಾಷೆಯ ತೊಂದರೆ ಇಲ್ಲ. ಆದರೆ ಅರಮನೆ ಸಿಗುವುದಿಲ್ಲ, ಅಂಗಡಿಯಲ್ಲಿ ಒಂದೆರಡು ಗಂಟೆ ಹೋಗುತ್ತದೆ, ಏನೂ ಕೊಳ್ಳದಿದ್ದರೆ ಗೈಡ್‌ನ ಮುಖ ಗಂಟಾಗುತ್ತದೆ. ಪೂರ್ತಿ ನೀವೇ ಮಾಡಿಕೊಂಡರೆ ಅಗ್ಗವೂ ಹೌದು, ನಿಮ್ಮ ಇಷ್ಟದಂತೆಯೂ ಹೌದು. ಆದರೆ ಮೊದಲ ವಿಮಾನ, ಮಂಡಿ ನೋವು, ಬಿ.ಪಿ., ಎಲ್ಲವನ್ನೂ ನೀವೊಬ್ಬರೇ ನೋಡಿಕೊಳ್ಳಬೇಕು. ಯಾರಿಗಾದರೂ ಹುಷಾರು ತಪ್ಪಿದರೆ ಒಬ್ಬರನ್ನು ರೂಮಿನಲ್ಲಿ ಬಿಟ್ಟು ಇನ್ನೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ನಡುವಿನ ದಾರಿ ನನಗೆ ಸರಿ ಅನ್ನಿಸುತ್ತದೆ. ವಿಮಾನ, ಹೋಟೆಲ್, ಇನ್ಶೂರೆನ್ಸ್, ಏರ್‌ಪೋರ್ಟ್ ಕಾರು ಏಜೆಂಟ್ ಮಾಡಲಿ. ಅರಮನೆಯ ದಿನಕ್ಕೆ ಮಾತ್ರ ಲೈಸೆನ್ಸ್ ಇರುವ, ಇಂಗ್ಲಿಷ್ ಅಥವಾ ಹಿಂದಿ ಬರುವ ಗೈಡ್ ಕೇಳಿ. ಉಳಿದ ಎರಡು ದಿನ ನಿಮ್ಮದೇ.

ಜೆಮ್ಸ್ ಗ್ಯಾಲರಿ ತೆಗೆದುಹಾಕಿ, ಅರಮನೆಯ ಟಿಕೆಟ್ ಸೇರಿಸಿ, ‘ನೋ ಶಾಪಿಂಗ್ ಸ್ಟಾಪ್’ ಅಂತ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ದರ ಏರುತ್ತದೆ. ಎಷ್ಟು ಏರಿತು ಅಂತ ನೋಡಿ, ಅಂಗಡಿಯವರು ನಿಮ್ಮ ಪರವಾಗಿ ಕಟ್ಟುತ್ತಿದ್ದದ್ದು ಹೆಚ್ಚುಕಮ್ಮಿ ಅಷ್ಟು. ‘ಹಾಗೆಲ್ಲಾ ಮಾಡೋಕಾಗಲ್ಲ ಮೇಡಂ, ಎಲ್ಲರೂ ಹೀಗೇ ಹೋಗ್ತಾರೆ’ ಅಂದರೆ ಬೇರೆ ಏಜೆಂಟ್ ನೋಡಿ, ದಾವಣಗೆರೆಯಲ್ಲೇ ಸಿಗುತ್ತಾರೆ. ಅಪ್ಪನಿಗೆ ಬಂಗಾರ ಕೊಳ್ಳುವ ಆಸೆ ಇದ್ದರೆ ಚೈನಾಟೌನ್‌ನ ಯಾವರಾತ್ ರಸ್ತೆಯಲ್ಲಿ ಕೆಂಪು ಬಣ್ಣದ ಚಿನ್ನದ ಅಂಗಡಿಗಳಿವೆ. ಅಲ್ಲಿ ಮಾರುವುದು ಶೇಕಡಾ 96.5 ಶುದ್ಧತೆಯ ಚಿನ್ನ, ಆ ದಿನದ ದರ ಬೋರ್ಡಿನ ಮೇಲೆ ಬರೆದಿರುತ್ತದೆ. ವಾಪಸ್ ಬರುವಾಗ ನಮ್ಮ ಕಸ್ಟಮ್ಸ್ ಮಿತಿ ಎಷ್ಟು ಅಂತ ಹೊರಡುವ ಮುಂಚೆಯೇ ನೋಡಿಕೊಂಡಿರಿ. ಕಲ್ಲು ಮಾತ್ರ ಯಾರು ಎಷ್ಟೇ ಪ್ರೀತಿಯಿಂದ ತೋರಿಸಿದರೂ ಬೇಡ.